ಟವೆಲ್ ಕೆಳಗಿನ ರೇಟು



ದನದ ಸಂತೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತೆ ಅಂತ ನೀವು ನೋಡಿರ್ತೀರಿ. ನಮ್ಮ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆಯವರಿಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತಾನೆ. ಸುಳಿ ನೋಡ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡ್ತಾನೆ. ಆಮೇಲೆ ದಲ್ಲಾಳಿ ಬರ್ತಾನೆ. ಕೈ ಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ರೇಟು ತಿಳಿಸ್ತಾನೆ. ಒಪ್ಪಿಗೆ ಆದರೆ ಸರಿ. ಆಗದಿದ್ರೆ ಕೈ ಕೊಡವಿ ಪಕ್ಕದ ಜೋಡಿಯ ಹತ್ತಿರ ಹೋಗೋದು.

ಈ ಕೈ ಕೊಡವಿ ಎದ್ದು ಹೋಗುವ ತಾಕತ್ತು ಇದೆಯಲ್ಲ, ಚೌಕಾಸಿಯ ಜೀವವೇ ಅದು. ಎದ್ದು ಹೋಗಲಿಕ್ಕೆ ಆಗದವನು ಚೌಕಾಸಿ ಮಾಡಲಾರ.

ಈಗ ಅದೇ ರೈತನನ್ನು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಕೌಂಟರ್ ಮುಂದೆ ನಿಲ್ಲಿಸಿ. ಒಳಗೆ ಸ್ಟ್ರೆಚರ್ ಮೇಲೆ ಹೆಂಡತಿ. ಇವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ರೇಷನ್ ಕಾರ್ಡು, ಆಧಾರ್ ಕಾರ್ಡು. ಗಾಜಿನ ಆಚೆಯಿಂದ ಒಂದು ಮೊತ್ತ ಹೇಳ್ತಾರೆ. ಹಲ್ಲು ನೋಡಲಿಕ್ಕೆ ಇಲ್ಲಿ ಏನಿದೆ? ಎದ್ದು ಹೋಗೋದು ಎಲ್ಲಿಗೆ?

ಈ ರೈತ ನನ್ನ ಸೋದರಮಾವ.

ಮಾವನ ಊರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಹೋದ ವರ್ಷ ಒಂದು ರಾತ್ರಿ ಅತ್ತೆಗೆ ಎದೆನೋವು ಬಂತು. ಬೆವರು, ಎಡಗೈ ಸೆಳೆತ. ಊರಿನ ಹುಡುಗರು ಕಾರು ತಂದ್ರು. ‘ತಾಲ್ಲೂಕು ಆಸ್ಪತ್ರೆಗೆ ಹೋದ್ರೆ ಮುಂದಕ್ಕೆ ಕಳಿಸ್ತಾರೆ, ಸುಮ್ಮನೆ ಟೈಮ್ ಹಾಳು’ ಅಂತ ಯಾರೋ ಅಂದ್ರು. ಕಾರು ಸೀದಾ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋಯ್ತು. ಸ್ಟೆಂಟ್ ಹಾಕಿದ್ರು. ಅತ್ತೆ ಉಳಿದ್ರು. ಅದಕ್ಕೆ ಆ ವೈದ್ಯರಿಗೆ ನಾನು ಇವತ್ತಿಗೂ ಕೈ ಮುಗೀತೀನಿ.

ಬಿಲ್ ಆಗಿದ್ದು 1 ಲಕ್ಷ 80 ಸಾವಿರ. ಕೈಯಲ್ಲಿದ್ದ ದುಡ್ಡು, ಅತ್ತೆಯ ಬೋರಮಾಳ ಸರ, ಒಂದಿಷ್ಟು ಕೈಸಾಲ. ಅದೂ ಸಾಲದೆ ಕೊನೆಗೆ ಜೋಡಿ ಎತ್ತು. ಅದೇ ಎತ್ತುಗಳನ್ನು ಕೊಳ್ಳುವಾಗ ಮಾವ ಸಂತೆಯಲ್ಲಿ ಮೂರು ತಾಸು ಕೂತು ಎರಡು ಸಾವಿರ ಇಳಿಸಿದ್ರು. ಆಸ್ಪತ್ರೆಯಲ್ಲಿ ಎರಡು ನಿಮಿಷವೂ ಮಾತಾಡಲಿಲ್ಲ.

ಹದಿನೈದು ದಿನ ಆದ ಮೇಲೆ ನನಗೆ ಫೋನ್ ಬಂತು.

‘ಅಳಿಯಾ, ಕಾರ್ಡ್ ಇತ್ತು. ಕೇಳಿದ್ವಿ. ಇಲ್ಲಿ ನಡೆಯಂಗಿಲ್ಲ ಅಂದ್ರು. ಈಗ ಬಿಲ್ ಕೊಟ್ರ ಸರ್ಕಾರದಿಂದ ರೊಕ್ಕ ವಾಪಸ್ ಬರತೈತೇನು?’

ನಾನು ಹೇಳಬೇಕಾಗಿದ್ದ ಉತ್ತರ ‘ಬರಲ್ಲ ಮಾವ’ ಅನ್ನೋದು. ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ ಮಾವ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

‘ದಿನಾ ರಾತ್ರಿ ಟಿವಿಯಾಗ ಲೋಕದ ಸುದ್ದಿ ಎಲ್ಲಾ ಹೇಳ್ತೀಯಲ್ಲ, ಇದನ್ನ ಯಾಕ ಹೇಳ್ಲಿಲ್ಲ?’

ವೀಕ್ಷಕರೇ, ಇವತ್ತಿನ ಮಾತು ಆ ಪ್ರಶ್ನೆಗೆ ತಡವಾಗಿ ಕೊಡ್ತಿರುವ ಉತ್ತರ.

ಮೊದಲು ಒಂದು ಸರಳ ವಿಷಯ ಅರ್ಥ ಮಾಡಿಕೊಳ್ಳೋಣ. ನಾನು ಓದಿದ್ದು ಎಂಜಿನಿಯರಿಂಗ್. ನಮ್ಮಲ್ಲಿ ಸಿವಿಲ್ ಓದಿದವರಿಗೆಲ್ಲ ಎಸ್‌ಆರ್ ರೇಟ್ ಅಂದ್ರೆ ಗೊತ್ತು. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಅದು. ಒಂದು ಘನ ಮೀಟರ್ ಮಣ್ಣು ತೆಗೆಯಲಿಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು ಅಂತ ಮೊದಲೇ ಬರೆದಿಟ್ಟಿರ್ತಾರೆ. ಗುತ್ತಿಗೆದಾರ ಕೆಲಸಕ್ಕೆ ಬರುವ ಮೊದಲೇ ರೇಟಿನ ಮಾತು ಮುಗಿದಿರುತ್ತೆ. ರಸ್ತೆ ಅರ್ಧ ಅಗೆದ ಮೇಲೆ ‘ಇನ್ನಷ್ಟು ಕೊಡಿ, ಇಲ್ಲಾಂದ್ರೆ ಹೋಗ್ತೀನಿ’ ಅನ್ನೋ ಹಾಗಿಲ್ಲ.

ಚಿಕಿತ್ಸೆಗೂ ಅಂಥದ್ದೇ ಒಂದು ದರಪಟ್ಟಿ ಇದೆ. ಅದಕ್ಕೆ ಪ್ಯಾಕೇಜ್ ರೇಟ್ ಅಂತಾರೆ. ಇಂಥ ಆಪರೇಷನ್ನಿಗೆ ಒಟ್ಟು ಇಷ್ಟು. ಬೆಡ್ಡು, ವೈದ್ಯರ ಫೀಸು, ಔಷಧಿ, ಪರೀಕ್ಷೆ, ಊಟ ಎಲ್ಲ ಅದರೊಳಗೇ. ನಮ್ಮ ರಾಜ್ಯದಲ್ಲಿ ಈ ಪಟ್ಟಿ ಇಟ್ಟುಕೊಂಡು ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಡುವೆ ವಿಮಾ ಕಂಪನಿ ಇಲ್ಲ. ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕೊಡುತ್ತೆ.

ಅಂದ್ರೆ ಚೌಕಾಸಿ ನಡೆದಿದೆ. ನಮ್ಮ ಪರವಾಗಿ, ನಮಗೆ ರೋಗ ಬರುವ ಮೊದಲೇ ನಡೆದಿದೆ. ಮಾವನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ. ಟವೆಲ್ ಕೆಳಗಿನ ಬೆರಳು ಅವರಿಗೆ ಕಾಣಲಿಲ್ಲ.

ಈ ಒಟ್ಟಾಗಿ ಚೌಕಾಸಿ ಮಾಡುವ ಪಾಠವನ್ನು ಕರ್ನಾಟಕಕ್ಕೆ ದೊಡ್ಡ ಮಟ್ಟದಲ್ಲಿ ಕಲಿಸಿದ್ದು ಯಶಸ್ವಿನಿ. ಆಗ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಯೋಚನೆ. 2002ರ ನವೆಂಬರ್‌ನಲ್ಲಿ ಉದ್ಘಾಟನೆ, 2003ರ ಜೂನ್‌ನಿಂದ ಜಾರಿ. ಸಹಕಾರ ಸಂಘದ ಸದಸ್ಯ ರೈತ ತಿಂಗಳಿಗೆ 5 ರೂಪಾಯಿ, ಅಂದ್ರೆ ವರ್ಷಕ್ಕೆ 60 ರೂಪಾಯಿ ಕಟ್ಟಬೇಕು. ಅದಕ್ಕೆ ಸರ್ಕಾರ ಒಂದಿಷ್ಟು ಸೇರಿಸ್ತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ರು.

60 ರೂಪಾಯಿಗೆ ಹೃದಯದ ಆಪರೇಷನ್ ಹೇಗೆ ಸಾಧ್ಯ? ಎರಡು ಲೆಕ್ಕ ಇದೆ. ಒಂದು, 16 ಲಕ್ಷ ಜನರಲ್ಲಿ ಆ ವರ್ಷ ಆಪರೇಷನ್ ಬೇಕಾಗೋದು ಕೆಲವೇ ಸಾವಿರ ಮಂದಿಗೆ. ಎಲ್ಲರ 60 ರೂಪಾಯಿ ಅವರ ಹಿಂದೆ ನಿಲ್ಲುತ್ತೆ. ಎರಡನೆಯದು ಇನ್ನೂ ಮುಖ್ಯ. ಆಸ್ಪತ್ರೆಯ ಕಟ್ಟಡ, ಯಂತ್ರ, ಸಿಬ್ಬಂದಿ ಸಂಬಳ, ಇವೆಲ್ಲ ಬೆಡ್ ಖಾಲಿ ಇದ್ರೂ ಖರ್ಚೇ. ಖಾಲಿ ಇರುವ ಆಪರೇಷನ್ ಥಿಯೇಟರಿಗೆ ರೋಗಿ ಬಂದ್ರೆ, ಕಡಿಮೆ ರೇಟಿಗಾದರೂ ಆಸ್ಪತ್ರೆಗೆ ಲಾಭವೇ. ಬಸ್ಸು ಹೇಗಿದ್ರೂ ಹೊರಡಬೇಕು, ಖಾಲಿ ಸೀಟಿಗೆ ಅರ್ಧ ಟಿಕೆಟ್ ಸಿಕ್ಕಿದ್ರೂ ಆಯ್ತು ಅನ್ನೋ ಲೆಕ್ಕ. ಒಬ್ಬ ರೈತ ಹೋಗಿ ‘ಸಾರ್, ಕಡಿಮೆ ಮಾಡ್ರಿ’ ಅಂದ್ರೆ ಕರುಣೆ ಸಿಗಬಹುದು. 16 ಲಕ್ಷ ಜನರ ಪರವಾಗಿ ಒಬ್ಬ ಹೋಗಿ ಕೂತ್ರೆ ರೇಟು ಸಿಗುತ್ತೆ.

ಕಾರ್ಡಿನಿಂದ ನಿಜವಾಗ್ಲೂ ಪ್ರಾಣ ಉಳಿಯುತ್ತಾ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ಹುಡುಕಿದವರು ಬೇರೆಲ್ಲೂ ಅಲ್ಲ, ನಮ್ಮ ರಾಜ್ಯದಲ್ಲೇ ಹುಡುಕಿದ್ರು.

2010ರಲ್ಲಿ ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಬಂತು. ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗಳು ಉಚಿತ. ಆದರೆ ಇಡೀ ರಾಜ್ಯಕ್ಕೆ ಒಮ್ಮೆಲೇ ಬರಲಿಲ್ಲ. ಮೊದಲು ಗುಲ್ಬರ್ಗ ವಿಭಾಗ, ಆಮೇಲೆ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳು ಕಾಯಬೇಕಾಯ್ತು. ಹಾಗಾಗಿ ರಾಜ್ಯದ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ ಬಿತ್ತು. ಗೆರೆಯ ಈ ಕಡೆ ಕಾರ್ಡ್ ನಡೆಯುತ್ತೆ, ಆ ಕಡೆ ನಡೆಯಲ್ಲ.

ಆ ಗೆರೆ ಎಲ್ಲಿ ಹಾದು ಹೋಗಿತ್ತು ಗೊತ್ತಾ? ನಮ್ಮ ಹೊಲಗಳ ನಡುವೆ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಆಗ ಬಳ್ಳಾರಿ ಜಿಲ್ಲೆ, ಗುಲ್ಬರ್ಗ ವಿಭಾಗ. ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು. ಆದರೆ ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದ್ರು. ದಾವಣಗೆರೆ ಬೆಂಗಳೂರು ವಿಭಾಗ. ಅದೇ ಭಾಷೆ, ಅದೇ ಬೆಳೆ, ಅದೇ ಬಡತನ. ಹೆಣ್ಣು ಕೊಟ್ಟು ತಂದ ಸಂಬಂಧ ಬೇರೆ. ಹಡಗಲಿಯ ಅಕ್ಕನಿಗೆ ಯೋಜನೆ ಸಿಕ್ತು, ಹರಪನಹಳ್ಳಿಯ ತಂಗಿಗೆ ಸಿಗಲಿಲ್ಲ. ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿ 371(ಜೆ) ಸೌಲಭ್ಯಕ್ಕೆ ಬಂದಿದ್ದು 2018ರಲ್ಲಿ. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಬಂದವು.

ಇಂಥ ಗೆರೆಯ ಎರಡೂ ಕಡೆಯ 572 ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದ್ರು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಅದು ಅಚ್ಚಾಯ್ತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 0.32, ಇಲ್ಲದ ಹಳ್ಳಿಗಳಲ್ಲಿ ಶೇ. 0.90. ಅಂದ್ರೆ ಶೇ. 64ರಷ್ಟು ಕಡಿಮೆ. ಜೇಬಿನಿಂದ ಹೋಗುವ ಆಸ್ಪತ್ರೆ ಖರ್ಚು ಕೂಡ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಇಂಥ ಅಂಕಿಗಳನ್ನು ಅತಿಯಾಗಿ ಹಿಗ್ಗಿಸಬಾರದು, ಒಂದು ಅಧ್ಯಯನ ಒಂದೇ ಅಧ್ಯಯನ. ಆದರೂ ಅದು ಹೇಳೋದು ಸ್ಪಷ್ಟ. ರೇಟು ಮೊದಲೇ ನಿಗದಿಯಾಗಿ, ದುಡ್ಡು ಕೊಡೋರು ಯಾರು ಅಂತ ಖಾತ್ರಿ ಇದ್ರೆ, ಜನ ಆಸ್ಪತ್ರೆಗೆ ಹೋಗ್ತಾರೆ. ಇಲ್ಲಾಂದ್ರೆ ಮನೆಯಲ್ಲೇ ನೋವು ನುಂಗಿಕೊಂಡು ಕೂರ್ತಾರೆ.

ಹಾಗಾದ್ರೆ ಎಲ್ಲರಿಗೂ, ಎಲ್ಲ ಆಸ್ಪತ್ರೆಗೂ ಸರ್ಕಾರವೇ ರೇಟು ಕಟ್ಟಿಬಿಡಬಹುದಲ್ಲ? ಆ ಪ್ರಯತ್ನವೂ ಆಯ್ತು. 2017. ಸಿದ್ದರಾಮಯ್ಯ ಮುಖ್ಯಮಂತ್ರಿ, ರಮೇಶ್ ಕುಮಾರ್ ಆರೋಗ್ಯ ಸಚಿವರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ನಾವು ಕೆಪಿಎಂಇ ಅಂತೀವಲ್ಲ, ಅದಕ್ಕೆ ತಿದ್ದುಪಡಿ ತಂದ್ರು. ಖಾಸಗಿ ಆಸ್ಪತ್ರೆಗಳ ದರವನ್ನು ಸರ್ಕಾರ ನಿಗದಿ ಮಾಡೋದು, ಮೀರಿದವರಿಗೆ ಜೈಲು ಅಂತ ಮೂಲ ಮಸೂದೆಯಲ್ಲಿತ್ತು. ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ರು. ಹೊರರೋಗಿ ವಿಭಾಗಗಳು ಬಂದ್ ಆದವು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಪಾಸಾಗಿದ್ದು ಮೆತ್ತಗಾದ ಮಸೂದೆ. ದರ ನಿಗದಿ ಸರ್ಕಾರಿ ಯೋಜನೆಯ ಚಿಕಿತ್ಸೆಗೆ ಮಾತ್ರ ಅಂತ ಉಳೀತು.

ಆದರೆ ಆ ಕಾಯ್ದೆಯಲ್ಲಿ ನಮಗೆ ಬೇಕಾದ ಮೂರು ವಿಷಯ ಇವೆ, ನೆನಪಿಡಿ. ಆಸ್ಪತ್ರೆ ತನ್ನ ದರಗಳನ್ನು ಜನರಿಗೆ ಕಾಣುವಂತೆ ಹಾಕಬೇಕು. ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಿದ್ರೆ ಮಾತ್ರ ಚಿಕಿತ್ಸೆ ಅನ್ನೋ ಹಾಗಿಲ್ಲ. ಬಿಲ್ ಬಾಕಿ ಇದೆ ಅಂತ ಮೃತದೇಹ ಕೊಡದೆ ಇಟ್ಟುಕೊಳ್ಳುವ ಹಾಗಿಲ್ಲ.

ಚೌಕಾಸಿ ಮಾಡಿದವರು ಯಾರು ಅನ್ನೋದರ ಮೇಲೆ ರೇಟು ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ಕೋವಿಡ್. 2020ರ ಜೂನ್‌ನಲ್ಲಿ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದಿನದ ದರ ನಿಗದಿ ಮಾಡ್ತು. ಸರ್ಕಾರವೇ ಕಳಿಸಿದ ರೋಗಿಗೆ ಜನರಲ್ ವಾರ್ಡ್ 5,200 ರೂಪಾಯಿ. ನೇರವಾಗಿ ಹೋಗಿ ದುಡ್ಡು ಕೊಡುವ ರೋಗಿಗೆ 10,000. ವೆಂಟಿಲೇಟರ್ ಇರುವ ಐಸಿಯು ಸರ್ಕಾರಿ ರೋಗಿಗೆ 10,000, ನೇರವಾಗಿ ಹೋದವನಿಗೆ 25,000. ವೈರಸ್ ಅದೇ, ಔಷಧಿ ಅದೇ, ಬೆಡ್ಡಿನ ಹಿಂದೆ ನಿಂತವರು ಬೇರೆ.

ಇನ್ನೊಂದು ಉದಾಹರಣೆ ಅತ್ತೆಯ ಎದೆಯೊಳಗೇ ಇದೆ. ಸ್ಟೆಂಟ್. 2017ರ ಫೆಬ್ರುವರಿಗೆ ಮೊದಲು ಔಷಧಿ ಲೇಪಿತ ಸ್ಟೆಂಟಿನ ಸರಾಸರಿ ಬೆಲೆ 1 ಲಕ್ಷ 20 ಸಾವಿರಕ್ಕೂ ಹೆಚ್ಚಿತ್ತು. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಒಂದೇ ಆದೇಶದಲ್ಲಿ ಅದನ್ನು 29,600 ರೂಪಾಯಿಗೆ ಇಳಿಸ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮಂಡಿ ಚಿಪ್ಪಿನ ಇಂಪ್ಲಾಂಟಿಗೂ ಮಿತಿ ಹಾಕಿದ್ರು. ಇದಕ್ಕೆ ಯಾವ ಕಾರ್ಡೂ ಬೇಡ. ಬಡವ, ಶ್ರೀಮಂತ ಎಲ್ಲರಿಗೂ ಅನ್ವಯ. ಆದರೆ ಬಿಲ್ಲಿನಲ್ಲಿ ಸ್ಟೆಂಟ್ ಒಂದು ಸಾಲು ಮಾತ್ರ. ಉಳಿದ ಹೆಚ್ಚಿನ ಸಾಲುಗಳಿಗೆ ಅಂಥ ಮಿತಿ ಇಲ್ಲ. ಆ ಸಾಲುಗಳೇ ಮಾವನ ಎತ್ತುಗಳನ್ನು ತಿಂದಿದ್ದು.

ಈಗ ಮಾವನ ಕಾರ್ಡಿನ ವಿಷಯಕ್ಕೆ ಬರೋಣ. ಯಾಕೆ ನಡೀಲಿಲ್ಲ?

2018ರ ಮಾರ್ಚ್‌ನಲ್ಲಿ ಹಳೆಯ ಯೋಜನೆಗಳನ್ನೆಲ್ಲ ಸೇರಿಸಿ ಆರೋಗ್ಯ ಕರ್ನಾಟಕ ಶುರುವಾಯ್ತು. ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ.

ಯೋಜನೆ ಶುರುವಾದಾಗ ಪಟ್ಟಿಯಲ್ಲಿದ್ದ ಚಿಕಿತ್ಸೆಗಳು 1,650. ಇವುಗಳನ್ನು ಗುಂಪು ಮಾಡಿದ್ದಾರೆ, ಇಲ್ಲೇ ಜನ ಎಡವೋದು. ಸರಳ ಚಿಕಿತ್ಸೆಗಳು 291, ಇವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸ್ವಲ್ಪ ಕ್ಲಿಷ್ಟವಾದವು 254, ದೊಡ್ಡ ಚಿಕಿತ್ಸೆಗಳು 900. ಇವುಗಳಿಗೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲಾಂದ್ರೆ ರೆಫರಲ್ ಚೀಟಿ ಬರೆದುಕೊಡ್ತಾರೆ. ಆ ಚೀಟಿ ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಇನ್ನು 169 ತುರ್ತು ಚಿಕಿತ್ಸೆಗಳು. ಪ್ರಾಣಕ್ಕೆ ಕುತ್ತು ಬಂದಾಗ ಆಗುವಂಥವು. ಇವಕ್ಕೆ ರೆಫರಲ್ ಬೇಡ. ನೇರ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು.

ಮಾವನ ಕೇಸ್ ತುರ್ತೇ ಆಗಿತ್ತಲ್ಲ, ಮತ್ಯಾಕೆ ನಡೀಲಿಲ್ಲ ಅಂತ ನನಗೂ ಸಿಟ್ಟು ಬಂತು. ಪಟ್ಟಿ ತೆಗೆದು ನೋಡಿದೆ. ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿತ್ತು! ‘ಸಿಕ್ಕಿಬಿದ್ರು’ ಅಂದುಕೊಂಡೆ. ಒಂದು ಸ್ಟೋರಿ ಮಾಡೋಣ ಅಂತ ಕ್ಯಾಮೆರಾದವರಿಗೂ ಹೇಳಿದೆ. ಆಮೇಲೆ ಪಕ್ಕದ ಕಾಲಂ ಓದಿದೆ. ಆ ಆಸ್ಪತ್ರೆ ನೋಂದಣಿಯಾಗಿದ್ದು ಮೂಳೆ ಚಿಕಿತ್ಸೆಗೆ. ಹೃದಯಕ್ಕೆ ಆಗಿರಲಿಲ್ಲ.

ನೋಂದಣಿ ಆಗೋದು ಒಂದೊಂದು ವಿಭಾಗಕ್ಕೆ ಬೇರೆ ಬೇರೆ. ಒಂದೇ ಆಸ್ಪತ್ರೆಯ ಒಂದು ಮಹಡಿಯಲ್ಲಿ ಕಾರ್ಡ್ ನಡೆಯಬಹುದು, ಇನ್ನೊಂದರಲ್ಲಿ ನಡೆಯದೆ ಇರಬಹುದು. ಕೌಂಟರಿನವರು ಸುಳ್ಳು ಹೇಳಿರಲಿಲ್ಲ. ಆದರೆ ‘ಇಲ್ಲಿ ನಡೆಯಲ್ಲ, ಇದೇ ಊರಲ್ಲಿ ಇಂಥ ಕಡೆ ನಡೆಯುತ್ತೆ’ ಅನ್ನೋ ಎರಡನೇ ವಾಕ್ಯವನ್ನು ಯಾರೂ ಹೇಳಲಿಲ್ಲ. ಹೃದಯಕ್ಕೆ ನೋಂದಣಿಯಾದ ಆಸ್ಪತ್ರೆ ಅದೇ ಊರಲ್ಲಿತ್ತು. ಕಾರಿನಲ್ಲಿ ಹತ್ತು ನಿಮಿಷದ ದಾರಿ.

ಆ ರಾತ್ರಿ ಯಾರೂ ಕಾನೂನು ಮುರಿಯಲಿಲ್ಲ. ಆದರೂ ಒಂದು ಮನೆಯ ಎತ್ತು ಹೋದವು. ಈ ಸಂಕಟವನ್ನು ಒಂದು ಬ್ರೇಕಿಂಗ್ ನ್ಯೂಸ್ ಪಟ್ಟಿಯಲ್ಲಿ ಹೇಳಲಿಕ್ಕೆ ಬರಲ್ಲ, ಹಾಗಾಗಿ ನಾವು ಹೇಳೋದೇ ಇಲ್ಲ.

ಇನ್ನು ಮರುಪಾವತಿ. ಇಲ್ಲಿ ಗಮನ ಕೊಟ್ಟು ಕೇಳಿ. ಈ ಯೋಜನೆ ನಗದುರಹಿತ. ಟ್ರಸ್ಟ್ ಕೊಡೋದು ಆಸ್ಪತ್ರೆಗೆ, ನಿಮಗಲ್ಲ. ಆಸ್ಪತ್ರೆ ನಿಮ್ಮ ರಿಪೋರ್ಟ್ ಹಾಕಿ ಟ್ರಸ್ಟಿನ ಒಪ್ಪಿಗೆ ಕೇಳುತ್ತೆ. ಒಪ್ಪಿಗೆ ಬಂದ ಮೇಲೆ ಚಿಕಿತ್ಸೆ. ಡಿಸ್ಚಾರ್ಜ್ ಆದ ಮೇಲೆ ದಾಖಲೆ ಕಳಿಸಿ ದುಡ್ಡು ಪಡೆಯುತ್ತೆ. ನೀವು ಕೈಯಿಂದ ಕಟ್ಟಿ ಆಮೇಲೆ ಬಿಲ್ ತಂದ್ರೆ ಕೊಡುವ ಪದ್ಧತಿ ಇದರಲ್ಲಿ ಇಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು, ಆದರೆ ಅದು ನೆರವು, ಹಕ್ಕಲ್ಲ. ಎಷ್ಟು ಕೊಡಬೇಕು ಅನ್ನೋದು ಅವರಿಗೆ ಬಿಟ್ಟಿದ್ದು. ಹಾಗಾಗಿ ‘ಈಗ ಕಟ್ಟಿಬಿಡಿ, ಆಮೇಲೆ ಕಾರ್ಡಲ್ಲಿ ಮಾಡಿಸೋಣ’ ಅಂತ ಯಾರಾದ್ರೂ ಅಂದ್ರೆ, ಆ ಆಮೇಲೆ ಬರೋದೇ ಇಲ್ಲ.

ಆಸ್ಪತ್ರೆಗಳ ಮಾತನ್ನೂ ಕೇಳಬೇಕು. ಪ್ಯಾಕೇಜ್ ದರ ಕಡಿಮೆ, ದುಡ್ಡು ಬರೋದು ತಡ ಅಂತ ಖಾಸಗಿ ಆಸ್ಪತ್ರೆಗಳು ವರ್ಷಗಳಿಂದ ಹೇಳ್ತಿವೆ. ಇದನ್ನು ತಳ್ಳಿಹಾಕುವ ಹಾಗಿಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಆರು ತಿಂಗಳು ಕಾಯಬಹುದು. ತಾಲ್ಲೂಕು ಕೇಂದ್ರದಲ್ಲಿ ಇಪ್ಪತ್ತು ಬೆಡ್ಡಿನ ನರ್ಸಿಂಗ್ ಹೋಂ ನಡೆಸುವ ವೈದ್ಯ ಕಾಯಲಾರ. ತಿಂಗಳ ಕೊನೆಗೆ ನರ್ಸ್‌ಗೆ ಸಂಬಳ ಕೊಡಬೇಕು, ಆಕ್ಸಿಜನ್ ಸಿಲಿಂಡರ್ ತರಿಸಬೇಕು. ಲೆಕ್ಕ ಕೂಡದಿದ್ರೆ ಅವನು ಯೋಜನೆಗೆ ಸೇರೋದೇ ಇಲ್ಲ. ಸೇರದಿದ್ರೆ ಏನಾಗುತ್ತೆ? ಹಡಗಲಿಯವರು ದಾವಣಗೆರೆಗೋ ಹುಬ್ಬಳ್ಳಿಗೋ, ಕೂಡ್ಲಿಗಿಯವರು ಬಳ್ಳಾರಿಗೋ ಓಡಬೇಕು. ಚಿಕಿತ್ಸೆ ಉಚಿತ ಆದ್ರೂ ಕಾರಿನ ಬಾಡಿಗೆ, ಜೊತೆಗಿದ್ದವರ ಊಟ, ಹೋದ ಕೂಲಿ ಉಚಿತ ಅಲ್ಲ. ರೇಟು ತೀರಾ ಕೆಳಗೆ ಹಿಡಿದ್ರೆ ಇನ್ನೊಂದು ರೋಗವೂ ಹುಟ್ಟುತ್ತೆ: ಕಾರ್ಡ್ ತಗೊಂಡು, ಮೇಲೆ ಒಂದಿಷ್ಟು ಕೈಯಿಂದ ಕೊಡಿ ಅನ್ನೋದು. ಕಾರ್ಡಿನ ಮೇಲೆ ದಾಖಲಾದ ಬಿಪಿಎಲ್ ರೋಗಿಯ ಹತ್ತಿರ ಹಾಗೆ ಕೇಳುವ ಹಾಗಿಲ್ಲ. ಕೇಳಿದ್ರೆ ದೂರು ಕೊಡಿ.

ರೇಟು ಮೇಲೆ ಹಿಡಿದ್ರೆ ಸರಿಹೋಗುತ್ತಾ? ಅದಕ್ಕೂ ಕಾವಲು ಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳನ್ನು ನೆನಪಿಸಿಕೊಳ್ಳಿ. ಹೊಟ್ಟೆನೋವು ಅಂತ ಹೋದವರಿಗೆ ಗರ್ಭಕೋಶವನ್ನೇ ತೆಗೆದಿದ್ದಾರೆ, ಚಿಕ್ಕ ವಯಸ್ಸಿನವರನ್ನೂ ಬಿಟ್ಟಿಲ್ಲ ಅನ್ನೋ ದೂರು ಎದ್ದಿತ್ತು. 2015ರಲ್ಲಿ ಸರ್ಕಾರ ತನಿಖೆ ಮಾಡಿಸ್ತು. ಬಡ ಹೆಣ್ಣುಮಕ್ಕಳು ಸಾಲ ಮಾಡಿ ಕೈಯಿಂದಲೇ ದುಡ್ಡು ಕಟ್ಟಿದ್ರು. ಅಲ್ಲಿ ‘ರೇಟು ಎಷ್ಟು’ ಅಂತ ಕೇಳೋರೂ ಇರಲಿಲ್ಲ, ‘ಇದು ನಿಜವಾಗ್ಲೂ ಬೇಕಾ’ ಅಂತ ಕೇಳೋರೂ ಇರಲಿಲ್ಲ. ನಮ್ಮ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯಲ್ಲಿ ಎಷ್ಟು ತಾಂಡಾಗಳಿವೆ ಅಂತ ನಿಮಗೆ ಗೊತ್ತು. ಟ್ರಸ್ಟಿನ ಪೂರ್ವಾನುಮತಿ ಅಂದ್ರೆ ಬರೀ ಕಾಗದದ ಕಿರಿಕಿರಿ ಅಂದ್ಕೋಬೇಡಿ. ಸರಿಯಾಗಿ ಮಾಡಿದ್ರೆ, ಬೇಡದ ಕತ್ತರಿಗೆ ಅಡ್ಡ ಬರುವ ಕೈ ಅದು.

ಹಾಗಾಗಿ ನನ್ನ ಮಟ್ಟಿಗೆ ವಾದ ಇಷ್ಟು. ರೇಟು ಎಷ್ಟಿರಬೇಕು ಅಂತ ಬೆಂಗಳೂರಿನಲ್ಲಿ ಕೂತು ಜಗಳ ಮಾಡೋಣ, ಮಾಡಲೇಬೇಕು. ಆದರೆ ಮಾಡಿದ ರೇಟು ಹಳ್ಳಿಗೆ ತಲುಪದಿದ್ರೆ ಆ ಚೌಕಾಸಿ ವ್ಯರ್ಥ. ಪಡಿತರ ಅಂಗಡಿಯ ಗೋಡೆ ಮೇಲೆ ಅಕ್ಕಿ ಎಷ್ಟು ಕೆಜಿ ಅಂತ ಬರೆದಿರ್ತಾರೆ. ಗ್ರಾಮ ಪಂಚಾಯ್ತಿಯ ಗೋಡೆ ಮೇಲೆ, ಸೊಸೈಟಿಯ ಗೋಡೆ ಮೇಲೆ ನಾಲ್ಕು ಸಾಲು ಯಾಕೆ ಇರಬಾರದು? ಹೃದಯಕ್ಕೆ ಕಾರ್ಡ್ ನಡೆಯುವ ಆಸ್ಪತ್ರೆ ಇದು. ಮೂಳೆಗೆ ಇದು. ಹೆರಿಗೆ ತೊಡಕಾದ್ರೆ ಇದು. ಮಕ್ಕಳಿಗೆ ಇದು. ಇದಕ್ಕೆ ಬಜೆಟ್ ಬೇಕಾಗಿಲ್ಲ. ಒಂದು ಡಬ್ಬಿ ಬಣ್ಣ, ಒಂದು ಬ್ರಷ್ ಸಾಕು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಹೇಳ್ತೀನಿ. ಪೆನ್ನು ತಗೊಳ್ಳಿ.

ಒಂದು, ಕಾರು ಹತ್ತುವ ಮೊದಲೇ ಒಂದು ಫೋನ್ ಮಾಡಿ. ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಸಹಾಯವಾಣಿ 14555. ‘ಈ ರೋಗಕ್ಕೆ ಹತ್ತಿರದಲ್ಲಿ ಯಾವ ಆಸ್ಪತ್ರೆ’ ಅಂತ ಕೇಳಿ. ‘ಆಸ್ಪತ್ರೆ ಪಟ್ಟಿಯಲ್ಲಿದೆಯಾ’ ಅಂತ ಅಲ್ಲ, ‘ಈ ರೋಗಕ್ಕೆ ಪಟ್ಟಿಯಲ್ಲಿದೆಯಾ’ ಅಂತ ಕೇಳಿ.

ಎರಡು, ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಓಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ಹೃದಯಾಘಾತ ಅಂತ ಖಚಿತವಾದ್ರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಇವತ್ತೇ ಹೋಗಿ ಕೇಳಿಟ್ಟುಕೊಳ್ಳಿ, ಎದೆನೋವು ಬಂದ ದಿನ ಅಲ್ಲ.

ಮೂರು, ಆಸ್ಪತ್ರೆಗೆ ಹೋದ ಕೂಡಲೇ ಆರೋಗ್ಯ ಮಿತ್ರ ಎಲ್ಲಿ ಅಂತ ಕೇಳಿ. ಯೋಜನೆಯ ಕಾಗದಪತ್ರ ನೋಡಿಕೊಳ್ಳಲಿಕ್ಕೇ ಅವರು ಅಲ್ಲಿರೋದು. ದುಡ್ಡು ಕಟ್ಟುವ ಮೊದಲು ಅವರನ್ನು ನೋಡಿ, ಕಟ್ಟಿದ ಮೇಲೆ ಅಲ್ಲ.

ನಾಲ್ಕು, ನಿಮ್ಮ ಸೊಸೈಟಿಯಲ್ಲಿ ಯಶಸ್ವಿನಿ ವಿಚಾರಿಸಿ. 2018ರಲ್ಲಿ ನಿಂತಿದ್ದ ಯೋಜನೆ 2023ರ ಜನವರಿಯಿಂದ ಮತ್ತೆ ಶುರುವಾಗಿದೆ. ಆಗ ನಿಗದಿಯಾದ ಶುಲ್ಕ ಗ್ರಾಮೀಣ ಸಹಕಾರಿಗಳ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ನೋಂದಣಿಗೆ ಕೊನೆಯ ದಿನ ಇರುತ್ತೆ, ರೋಗ ಬಂದ ಮೇಲೆ ಸೇರಲಿಕ್ಕೆ ಆಗಲ್ಲ.

ಮುಗಿಸುವ ಮೊದಲು ಮಾವನ ವಿಷಯ. ಅತ್ತೆ ಆರಾಮಾಗಿದ್ದಾರೆ, ಮಾತ್ರೆ ತಪ್ಪಿಸಲ್ಲ. ಎತ್ತು ಮತ್ತೆ ಕೊಂಡಿಲ್ಲ. ಈ ಮುಂಗಾರಿನಲ್ಲಿ ಬಾಡಿಗೆ ಟ್ರ್ಯಾಕ್ಟರ್‌ನಲ್ಲೇ ಹೊಲ ಹರಗಿಸಿದ್ರು. ಆದರೆ ಹೋದ ತಿಂಗಳು ಪಕ್ಕದ ಮನೆಯ ಹುಡುಗ ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಕೊಂಡ. ಊರಿನವರು ಕಾರು ತಂದ್ರು. ಮಾವ ಕಾರಿನ ಬಾಗಿಲಿಗೆ ಅಡ್ಡ ನಿಂತು, ‘ತಡೀರಿ, ಮೊದಲು ಫೋನ್ ಹಚ್ರಿ, ಮೂಳೆಗೆ ಯಾವ ದವಾಖಾನಿ ಅಂತ ಕೇಳ್ರಿ’ ಅಂದ್ರಂತೆ.

ಹುಡುಗನ ಕಾಲಿಗೆ ರಾಡ್ ಹಾಕಿದ್ರು. ಕಾರ್ಡ್ ನಡೀತು. ಆ ಮನೆಯವರಿಗೆ ಖರ್ಚಾಗಿದ್ದು ಕಾರಿನ ಬಾಡಿಗೆ ಮತ್ತು ಹೋಟೆಲ್ ಊಟ.

ಮಾವ ಫೋನ್ ಮಾಡಿ ಇದನ್ನೆಲ್ಲ ಹೇಳಿ, ಕೊನೆಗೆ ಕೇಳಿದ್ರು: ‘ಯಾವಾಗ ಹೇಳ್ತೀಯಪ್ಪಾ ಟಿವಿಯಾಗ?’

ಇವತ್ತು ಹೇಳಿದ್ದೀನಿ ಮಾವ.